ಕೆಂಪು ಇಳಿದ ಕಾಲು

ಮೊನ್ನೆ ಮುಂಡರಗಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಮಾಸಿದ ಚಾದರಕ್ಕೆ ಬಣ್ಣ ಹಾಕಲು ಹಿತ್ತಲಲ್ಲಿ ನೀರು ಕುದಿಸುತ್ತಿದ್ದರು. ಬಣ್ಣದ ಪುಡಿ, ಉಪ್ಪು, ಬಿಸಿನೀರಿನಲ್ಲಿ ನೆನೆದ ಹತ್ತಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಒಲೆಯ ಮೇಲಿನ ಬೇಳೆ ತಳ ಹಿಡಿಯಿತು. ಬಣ್ಣದ ಚಿಗವ್ವ ನೆನಪಾದಳು ಎಂದರೆ ನಮ್ಮ ಮನೆಯವರಿಗೇನು ತಿಳಿಯಬೇಕು?

ಚಿಗವ್ವ ಎಂದರೆ ರಕ್ತಸಂಬಂಧವೇನಲ್ಲ. ಬೆಟಗೇರಿಯ ನನ್ನ ತವರುಮನೆಗೆ ಗೋಡೆ ಹತ್ತಿದ ಮನೆ ಆಕೆಯದು. ಓಣಿಯ ಮಗ್ಗಗಳ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದಳು. ಮೊಣಕೈತನಕ ಒಂದು ದಿನ ಹಸಿರು, ಒಂದು ದಿನ ನೀಲಿ. “ಇವತ್ತ ಯಾವ ಸೀರಿ ಉಟ್ಟಾವ ನಿನ್ನ ಕೈ?” ಎಂದು ನಾವು ಹುಡುಗರು ಕಾಡುತ್ತಿದ್ದೆವು. ಆಕೆಯೂ ನಗುತ್ತಿದ್ದಳು.

ನಾನು ಇನ್ನೂ ಸಣ್ಣವಳಿದ್ದಾಗ ಒಮ್ಮೆ ಆಟದಲ್ಲಿ ಓಡಿಬಂದು ಆಕೆಯ ಹಂಡೆಯ ಹತ್ತಿರ ಎಡವಿದೆ. ಆಗಷ್ಟೇ ಕೋಲಿನಿಂದ ಎತ್ತಿದ್ದ ಕುದಿಯುವ ಕೆಂಪು ನೂಲಿನ ಲಡಿ ಜಾರಿ ನನ್ನ ಎಡಗಾಲ ಮೇಲೆ ಬಿತ್ತು. ಮೊಣಕಾಲಿನಿಂದ ಹಿಮ್ಮಡಿಯ ತನಕ ಬೆಂದುಹೋಯಿತು. ಈಗ ತೂಗಿ ನೋಡಿದರೆ ತಪ್ಪಿನಲ್ಲಿ ಅರ್ಧ ನನ್ನದೇ. ಓಣಿ ಮಾತ್ರ ಅದನ್ನು ಪೂರ್ತಿ ಆಕೆಯ ತಲೆಗೆ ಕಟ್ಟಿತು.

ದವಾಖಾನೆಯ ಪಟ್ಟಿ, ಮುಲಾಮು ನಡೆದೇ ಇತ್ತು. ಕೆಲವು ವಾರಗಳಲ್ಲಿ ಸತ್ತ ಚರ್ಮ ಕಳಚಿ, ಗಾಯದ ತಳದಲ್ಲಿ ಕೆಂಪನೆಯ ರವೆಯಂಥ ಕಾಳುಗಳು ಎದ್ದವು. ಒಂದು ಮಧ್ಯಾಹ್ನ ಅವ್ವ ನೀರಿಗೆ ಹೋಗಿದ್ದಾಗ ಚಿಗವ್ವ ಬಂದು ಪಟ್ಟಿ ಬಿಚ್ಚಿ ನೋಡಿದಳು.

“ಅಯ್ಯ ನನ್ನವ್ವ, ನನ್ನ ಬಣ್ಣ ಇನ್ನೂ ಒಳಗ ಕುಂತೈತಿ! ಅದಕ್ಕ ಮಾಯವಲ್ದು” ಎಂದವಳೇ ಬೆಚ್ಚಗಿನ ನೀರು, ಹತ್ತಿ ತಂದು, ನೂಲಿನ ಬಣ್ಣ ಬಿಡಿಸಿದ ಹಾಗೆ ಉಜ್ಜಿದಳು. ರಕ್ತ ಹರಿಯಿತು. ನನ್ನ ಚೀರಾಟಕ್ಕೆ ಅವ್ವ ಓಡಿಬಂದು ಕೊಡ ಕುಕ್ಕಿದಳು. “ಮೊದಲ ಸುಟ್ಟಿ, ಈಗ ಸುಲದಿ!” ಎಂದಳು. ನನ್ನನ್ನು ಎತ್ತಿಕೊಂಡು ದವಾಖಾನೆಗೆ ಓಡಿದಳು, ಚಿಗವ್ವನೂ ಹಿಂದೆಯೇ ಬಂದಳು.

ಡಾಕ್ಟರು ಬೈಯಲಿಲ್ಲ. “ಅದು ಬಣ್ಣ ಅಲ್ರಿ, ಹೊಸಾ ರಕ್ತನಾಳ. ಕೂದಲಕ್ಕಿಂತ ಸಣ್ಣವು. ಗಾಯ ತುಂಬಾಕ ಸುತ್ತಲಿನ ನಾಳ ಟಿಸಿಲೊಡದು ಬಂದಾವ. ಕೈ ಹಚ್ಚಬ್ಯಾಡ್ರಿ, ಮತ್ತ ಬೆಳೀತಾವ” ಎಂದರು. ಗಾಯದ ಅಂಚಿನಲ್ಲಿ ಮಾಯ್ದಿದ್ದ ಕಡೆ ಬೆರಳಿಟ್ಟು ಒತ್ತಿ ಬಿಟ್ಟರು. ಬೆಳ್ಳಗಾಗಿ ಮತ್ತೆ ಕೆಂಪೇರಿತು. “ನೋಡ್ರಿ, ಬಣ್ಣ ಆಗಿದ್ರ ಹಿಂಗ ಹೋಗಿ ಬರತಿತ್ತೇನು? ರಕ್ತ ಹರಿಯಾಕತ್ತೈತಿ.” ಬಾಗಿಲಲ್ಲಿ ನಿಂತಿದ್ದ ಚಿಗವ್ವ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು.

ಗಾಯ ಮಾಯ್ದ ಮೇಲೆ, ಕೊನೆಯ ಸಲ ಹೋದಾಗ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: “ಇನ್ನ ಅಷ್ಟು ನಾಳ ಬೇಕಾಗೂದಿಲ್ಲ. ತಾವ ಸೊರಗಿ ಹೋಗ್ತಾವ. ಗಾಯದ ಕಲಿ ಬೆಳ್ಳಗಾತಂದ್ರ ಅಂಜಬ್ಯಾಡ್ರಿ.” ಅದನ್ನು ಕೇಳಿದವರು ನಾನು, ಅವ್ವ ಇಬ್ಬರೇ. ಚಿಗವ್ವ ಅವತ್ತು ಬಂದಿರಲಿಲ್ಲ.

ಆಕೆ ಮೊದಲ ಪಾಠವನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲಿ ಸಿಕ್ಕರೂ ಬಗ್ಗಿ ನನ್ನ ಕಲೆಯನ್ನು ಒತ್ತುವುದು, ಕೆಂಪು ಮರಳಿದರೆ ಉಸಿರು ಬಿಡುವುದು. ನನಗೂ ಅದೊಂದು ಆಟವೇ ಆಗಿತ್ತು. ಆದರೆ ವರ್ಷಗಳು ಕಳೆದು ನಾನು ಹೈಸ್ಕೂಲಿಗೆ ಬಂದೆ. ಕಲೆಯ ಕೆಂಪು ಇಳಿಯುತ್ತ ಬಂತು. ಒಂದು ದಿನ ಬಸ್‌ಸ್ಟಾಪಿನಲ್ಲಿ ಗೆಳತಿಯರ ಎದುರಿಗೇ ಬಗ್ಗಿ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು.

“ಕೆಂಪ ಬರವಲ್ದಲ್ಲವ್ವ! ರಕ್ತ ಎಲ್ಲಿ ಹೋತು?”

ಗೆಳತಿಯರು ಕಿಸಕ್ಕೆಂದರು. ನನ್ನ ನಾಲಿಗೆ ಮೊದಲಿನಿಂದಲೂ ಉದ್ದ. ಕಾಲು ಝಾಡಿಸಿ ಹೇಳಿಬಿಟ್ಟೆ: “ಕಾಲ ಸತ್ತೈತಿ. ನೀನ ಕೊಂದಿ. ಸಾಕಾತಿಲ್ಲೊ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಲು ಚೆನ್ನಾಗಿದೆ, ನಾಳಗಳು ಕೆಲಸ ಮುಗಿಸಿ ಹೋಗಿವೆ ಎಂದು ನನಗೆ ಗೊತ್ತಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಆದರೆ ಚಿಗವ್ವ ಮತ್ತೆಂದೂ ನನ್ನ ಕಾಲು ಮುಟ್ಟಲಿಲ್ಲ. ಎದುರಾದರೆ ನನ್ನ ಕಾಲಿನತ್ತ ಒಮ್ಮೆ ನೋಡಿ, ಸೆರಗು ಎಳೆದುಕೊಂಡು ಗೋಡೆಯ ಬದಿಗೆ ಸರಿದು ಹೋಗುತ್ತಿದ್ದಳು. ಓಣಿಯ ಜಗಳಗಳಲ್ಲಿ ದೊಡ್ಡ ದನಿ ಮಾಡುತ್ತಿದ್ದ ಹೆಂಗಸು... ನನ್ನೆದುರು ಮಾತ್ರ ಕಳ್ಳಿಯ ಹಾಗೆ.

ನನ್ನ ಮದುವೆ ಗೊತ್ತಾದಾಗ ಹಿತ್ತಲ ಬಾಗಿಲಿಗೆ ಬಂದು ಅವ್ವನನ್ನು ಮೆಲ್ಲಗೆ ಕೇಳಿದಳು: “ಕಾಲಿನ ಸುದ್ದಿ ಬೀಗರಿಗೆ ಹೇಳೀರೇನ?” ಅವ್ವ, ಕಲೆಯ ಮಾತಿರಬೇಕೆಂದು, “ಹೇಳೇವಿ, ಅವರೇನೂ ಅನ್ನಲಿಲ್ಲ” ಎಂದಳು. “ದೊಡ್ಡ ಮನಸಿನ ಮಂದಿ” ಎಂದು ಚಿಗವ್ವ ಕೈಮುಗಿದಳು. ಒಳಗಿನ ಕೋಣೆಯಲ್ಲಿ ನಾನು ಎಲ್ಲ ಕೇಳಿಸಿಕೊಂಡೆ. ಎದ್ದು ಹೋಗಿ ಒಂದು ಮಾತು ಹೇಳಬಹುದಿತ್ತು. ನಾನು ಎಂಥವಳೆಂದು ಅವ್ವನಿಗೂ ಗೊತ್ತಾಗುತ್ತದಲ್ಲ ಎಂಬ ನಾಚಿಕೆಗೆ ಸುಮ್ಮನಿದ್ದೆ.

ಹೋದ ವರ್ಷ ತವರಿಗೆ ಹೋದಾಗ ಆಕೆ ಹಾಸಿಗೆ ಹಿಡಿದಿದ್ದಳು. ಪಕ್ಕದಲ್ಲಿ ಕುಳಿತು, ಸೀರೆ ಸರಿಸಿ ಕಾಲು ಚಾಚಿದೆ. “ಚಿಗವ್ವಾ, ಈ ಕಾಲಿಗೆ ಏನೂ ಆಗಿಲ್ಲ. ಬೆಳ್ಳಗಾಗೂದ ಚಲೋ ಅಂತ ಡಾಕ್ಟರು ಆವಾಗನ ಹೇಳಿದ್ರು. ನಾನ ಸಿಟ್ಟಿಗೆ ಸುಳ್ಳ ಹೇಳಿದ್ನಿ” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. “ಸಾಯೂ ಮುದುಕಿ ಸಮಾಧಾನಕ್ಕ ಹೇಳಾಕತ್ತಿ. ಭಾಳ ಚಲೋ ಹುಡುಗಿ ನೀ.”

“ಖರೇನ ಚಿಗವ್ವಾ, ದೇವರಾಣಿ” ಎಂದೆ. ಆಕೆ ತನ್ನ ಕೌದಿಯ ತುದಿಯನ್ನು ಎಳೆದು ನನ್ನ ಎಡಗಾಲಿಗೆ ಹೊದಿಸಿದಳು. “ಥಂಡಿ ಹತ್ತೀತು. ಅದನ್ನ ಬೆಚ್ಚಗ ಇಟ್ಕೋ.”

ದೀಪಾವಳಿಗೆ ಮುಂಚೆ ಹೋಗಿಬಿಟ್ಟಳು. ನಾನು ಸಿಟ್ಟಿನಲ್ಲಿ ಆಡಿದ್ದನ್ನು ಒಂದೇ ಸಲಕ್ಕೆ ನಂಬಿದವಳು, ಇದನ್ನು ನಂಬದೆಯೇ ಹೋದಳು. ಈಗ ಮುಂಡರಗಿಯಲ್ಲಿ ಚಳಿ ಶುರುವಾಗಿದೆ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ ಎರಡೂ ಕಾಲು ಒಂದೇ ಸಮ ತಣ್ಣಗಾಗುತ್ತವೆ. ಇದನ್ನು ಹೇಳೋಣವೆಂದರೆ ಆಕೆ ಇಲ್ಲ.