ಸೋಮವಾರ ಸೊರಗುತ್ತಿದ್ದ ಉಪಗ್ರಹ

ನಿನ್ನೆ ಮನೆಯ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಲು ಮೆಕ್ಯಾನಿಕ್ ಬಂದಿದ್ದ. ಮುಚ್ಚಳ ಬಿಚ್ಚಿದ್ದೇ ತಡ, ಆಸಿಡ್ಡಿನ ಘಾಟು ಹಾಲ್ ತುಂಬ ಹರಡಿತು. ಹೆಂಡತಿ ಮೂಗಿಗೆ ಸೆರಗು ಹಿಡಿದು ಕಿಟಕಿ ತೆರೆದಳು. ನಾನು ಮಾತ್ರ ಕೂತಲ್ಲೇ ಕೂತಿದ್ದೆ. ಆ ವಾಸನೆಯ ಹಿಂದೆ ಸವಳಂಗವಿದೆ, ಒಂದು ಉಪಗ್ರಹವಿದೆ, ರುದ್ರಪ್ಪನಿದ್ದಾನೆ. ನಿಮಗೆ ಅವಸರವಿಲ್ಲದಿದ್ದರೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ದೂರದ ನಗರದ ಸಂಶೋಧನಾ ಸಂಸ್ಥೆಯೊಂದರಲ್ಲಿ ನಾನು ಹೊಸ ವಿಜ್ಞಾನಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಆದರೆ ಗತ್ತು ಮೊದಲ ದಿನವೇ ಕಾಯಂ ಆಗಿತ್ತು. ನಮ್ಮ ಉಪಗ್ರಹದೊಳಗೊಂದು ರೇಡಿಯೋ ಪೆಟ್ಟಿಗೆ. ದಿನಾ ಬೆಳಿಗ್ಗೆ ನೆತ್ತಿಯ ಮೇಲೆ ಹಾದುಹೋಗುವಾಗ ಅದು ಒಂದೇ ಸಮನೆ ಕೂಗುತ್ತಿತ್ತು. ಆ ಕೂಗು ಎಷ್ಟು ಜೋರಾಗಿ ಕೇಳಿಸಿತು ಎಂದು ಅಳೆದು ಬರೆಯಲು ನೆಲದ ಮೇಲೆ ಎರಡು ಕೇಂದ್ರಗಳು, ಒಂದು ಜಗಳೂರಿನಲ್ಲಿ, ಇನ್ನೊಂದು ಸವಳಂಗದಾಚೆಯ ದಿಬ್ಬದ ಮೇಲೆ. ಅಳೆಯುವ ಮುಂಚೆ ಕ್ಯಾಲಿಬ್ರೇಶನ್ ಆಗಬೇಕು. ಅಂಗಡಿಯವನು ತಕ್ಕಡಿ ಸರಿಯಿದೆಯೇ ಎಂದು ಗೊತ್ತಿರುವ ತೂಕದ ಕಲ್ಲಿಟ್ಟು ನೋಡುತ್ತಾನಲ್ಲ, ಅಷ್ಟೇ. ಅಷ್ಟನ್ನು ಹೇಳಲು ನಾವು ಅರ್ಧ ಕಪಾಟು ತುಂಬುವಷ್ಟು ನಿಯಮ ಬರೆದಿದ್ದೆವು.

ಸವಳಂಗದ ಕೇಂದ್ರವೆಂದರೆ ತಗಡಿನ ಶೆಡ್ಡು, ಒಂದು ಆಂಟೆನಾ, ಮತ್ತು ರುದ್ರಪ್ಪ. ಅಲ್ಲಿಗೆ ಕರೆಂಟು ಬಂದಿರಲಿಲ್ಲ; ಎಲ್ಲ ಬ್ಯಾಟರಿಯ ಮೇಲೆ ನಡೆಯಬೇಕು. ರುದ್ರಪ್ಪ ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು, ತಾತ್ಕಾಲಿಕ ನೌಕರ. ಅವನ ಕೆಲಸ ಕಾಯಂ ಆಗುವುದೂ ಬಿಡುವುದೂ ಇಂಥ ಕೇಂದ್ರಗಳ ಲೆಕ್ಕಾಚಾರ ಸರಿಯಿದೆಯೇ ಎಂದು ನೋಡುವ ನಮ್ಮ ಪರಿಶೀಲನಾ ಸಮಿತಿಯ ವರದಿಯನ್ನು ಅವಲಂಬಿಸಿತ್ತು. ಸಮಿತಿಯಲ್ಲಿ ದೇಶದ ಎಲ್ಲ ಮೂಲೆಯವರೂ ಇದ್ದರು, ಕನ್ನಡ ಬರುತ್ತಿದ್ದುದು ಚನ್ನಗಿರಿಯವನಾದ ನನಗೊಬ್ಬನಿಗೇ. ಆದ್ದರಿಂದ ಕೇಂದ್ರಗಳಿಂದ ಬರುವ ಅಂಕಿಯ ಹಾಳೆಗಳ ಕೊನೆಯಲ್ಲಿ ನೌಕರರು ಟಿಪ್ಪಣಿ ಬರೆಯುವ ಷರಾ ಕಾಲಂ ಓದುವ ಹೊಣೆ ನನ್ನದು. ಷರಾ ಓದುವುದು ಗುಮಾಸ್ತರ ಕೆಲಸ ಎಂದು ನನ್ನ ಅಭಿಪ್ರಾಯ. ಹಾಳೆ ತಿರುವಿ, 'ನೋಡಿದೆ' ಎಂದು ಸಹಿ ಗೀಚಿ, ಅಂಕಿಗಳ ಕಡೆ ಹೋಗುತ್ತಿದ್ದೆ.

ಅಂಕಿಗಳು ನಮ್ಮನ್ನು ಕುಣಿಸಿಬಿಟ್ಟವು. ಪ್ರತಿ ಸೋಮವಾರ ಸವಳಂಗದಲ್ಲಿ ಉಪಗ್ರಹದ ದನಿ ಕುಗ್ಗುತ್ತಿತ್ತು! ಮಂಗಳವಾರ ಮತ್ತೆ ಗಟ್ಟಿ. ಜಗಳೂರಿನಲ್ಲಿ ಹಾಗಾಗುತ್ತಿರಲಿಲ್ಲ. ಆದರೆ ಜಗಳೂರಿನ ಕ್ಯಾಲಿಬ್ರೇಶನ್ ದಿನವೂ ಚೂರು ಹಿಂದೆ ಮುಂದೆ ಆಗುತ್ತಿತ್ತು. ಸವಳಂಗದ ಸೋಮವಾರದ್ದೋ, ಭಾನುವಾರದ ಅಂಕಿಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗಾಗಿ ಸಮಿತಿ ಜಗಳೂರನ್ನು ಅನುಮಾನಿಸಿ, ಸವಳಂಗಕ್ಕೆ 'ಅತ್ಯುತ್ತಮ' ಎಂದು ಬರೆಯಿತು. ಉಪಗ್ರಹ ಏಳು ದಿನಕ್ಕೊಮ್ಮೆ ಮುಖ ತಿರುಗಿಸುತ್ತದೆ ಎಂಬ ಸಿದ್ಧಾಂತ ಹೊರಡಿಸಿದವನು ನಾನೇ. ಅಧ್ಯಕ್ಷರು ಎದ್ದು ಬಂದು ಕೈ ಕುಲುಕಿದರು. ಆ ವಾರವೆಲ್ಲ ಎರಡು ಸಲ ತಲೆ ಬಾಚಿಕೊಳ್ಳುತ್ತಿದ್ದೆ.

ಆ ಸಿದ್ಧಾಂತದ ಮೇಲೆ ನಾನು ಬರೆದ ಲೇಖನ ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ಕೇಂದ್ರ ನೋಡಿ ಬಾ ಎಂದು ಕಳಿಸಿದರು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನಾನು ಸವಳಂಗ ಮುಟ್ಟಿದ್ದು ಒಂದು ಸೋಮವಾರ. ಶೆಡ್ಡಿನ ಪಕ್ಕ ಗಾಡಿಯ ನೊಗ ನೆಲಕ್ಕೊರಗಿತ್ತು. ಎರಡು ಎತ್ತು ಮಲಗಿ ಮೆಲುಕು ಹಾಕುತ್ತಿದ್ದವು. ಒಳಗೆ ಬ್ಯಾಟರಿಯ ಮೀಟರಿನ ಮುಳ್ಳು ಕೆಳಗಿಳಿದಿತ್ತು.

"ಬ್ಯಾಟರಿ ಬದಲಾಯಿಸಲಿಲ್ಲವಾ?" ಎಂದೆ.

"ಇವತ್ತು ಸೋಮವಾರ ಅಲ್ಲೇನ್ರೀ ಸಾರ್? ಎತ್ತು ಕಟ್ಟಂಗಿಲ್ಲ. ಗಾಡಿ ಹೋಗದೆ ನ್ಯಾಮತಿಯಿಂದ ಚಾರ್ಜ್ ಆಗಿರೋ ಬ್ಯಾಟರಿ ಹೆಂಗ್ ಬರ್ತೈತೆ?"

"ಬಸ್ಸಿನಲ್ಲಿ ತರಬೇಕಿತ್ತು."

"ಆಸಿಡ್ ಚೆಲ್ತೈತೆ ಅಂತ ಕಂಡಕ್ಟರು ಹತ್ತಿಸ್ಕಣಲ್ರೀ."

"ಮತ್ತೆ ಕ್ಯಾಲಿಬ್ರೇಶನ್?"

"ಅದನ್ನ ಮಾಡಾಕೆ ಹೋದ್ರೆ ಇರೋ ಚೂರು ಚಾರ್ಜೂ ಮುಗೀತೈತೆ. ಅದಕ್ಕೆ ನಿನ್ನೇದೇ ಬರಿತೀನ್ರಿ."

ಬ್ಯಾಟರಿ ಇಳಿದು ಕುಗ್ಗಿದ್ದು ನಮ್ಮ ಯಂತ್ರದ ಕಿವಿ, ಉಪಗ್ರಹದ ದನಿಯಲ್ಲ; ಕ್ಯಾಲಿಬ್ರೇಶನ್ ಮಾಡಿದ್ದರೆ ಅದು ಅಂದೇ ಗೊತ್ತಾಗುತ್ತಿತ್ತು. ಬಸವಣ್ಣನ ದಿನವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಮ್ಮ ಮನೆಯಲ್ಲೂ ಇಟ್ಟವರಲ್ಲ. ಸೋಮವಾರ ನೊಗ ಕಟ್ಟುವ ಮಿಣಿ ಮುಟ್ಟಿದ್ದಕ್ಕೆ ಅಪ್ಪನಿಂದ ಬೆನ್ನ ಮೇಲೆ ಬಾರಿಸಿಕೊಂಡವನು ನಾನು. ಅಂಥವನು ಎತ್ತಿನ ರಜೆಗೆ ಆಕಾಶದಲ್ಲಿ ಕಾರಣ ಹುಡುಕಿದ್ದೆ. ನಗು ಬರಬೇಕಿತ್ತು, ಸಿಟ್ಟು ಬಂತು.

"ಇದನ್ನ ಮೊದಲೇ ತಿಳಿಸೋಕೆ ಏನಾಗಿತ್ತು ನಿಂಗೆ?" ಎಂದು ಗದರಿದೆ.

ರುದ್ರಪ್ಪ ಪಿಳಿಪಿಳಿ ನೋಡಿದ. "ಪ್ರತಿ ಸೋಮವಾರನೂ ಷರಾದಾಗೆ ಬರ್ದೀನಲ್ರೀ ಸಾರ್" ಎಂದು ನಕಲು ಪುಸ್ತಕ ತಂದು ಬಿಚ್ಚಿದ. ದುಂಡನೆಯ ಅಕ್ಷರ. 'ಇಂದು ಸೋಮವಾರ. ಎತ್ತು ಕಟ್ಟಿಲ್ಲ. ಬ್ಯಾಟರಿ ನಿನ್ನೆಯದು. ಕ್ಯಾಲಿಬ್ರೇಶನ್ ಮಾಡದೆ ನಿನ್ನೆಯ ಅಂಕಿಯನ್ನೇ ಬರೆದಿರುತ್ತೇನೆ.' ಹಿಂದಿನ ಸೋಮವಾರವೂ ಅದೇ, ಅದರ ಹಿಂದಿನದೂ ಅದೇ. ಇವೆಲ್ಲದರ ಮೂಲ ಪ್ರತಿಯ ಮೇಲೆ 'ನೋಡಿದೆ' ಎಂಬ ನನ್ನ ಸಹಿ ಇತ್ತು.

ವಾಪಸು ಹೋಗಿ ವರದಿ ಬರೆದೆ. 'ಕೇಂದ್ರದ ನೌಕರ ಸೋಮವಾರಗಳಂದು ಕ್ಯಾಲಿಬ್ರೇಶನ್ ಮಾಡದೆ ಹಿಂದಿನ ದಿನದ ಅಂಕಿಯನ್ನು ನಕಲು ಮಾಡಿದ್ದಾನೆ.' ಒಂದು ಅಕ್ಷರವೂ ಸುಳ್ಳಲ್ಲ, ನೋಡಿ. ಷರಾ ವಿಷಯ ಮಾತ್ರ ಬರೆಯಲಿಲ್ಲ. ಬರೆದಿದ್ದರೆ ಅದನ್ನು ಓದಬೇಕಾದವನು ಯಾರು ಎಂದು ಕೇಳುತ್ತಿದ್ದರು. ರುದ್ರಪ್ಪನನ್ನು ತೆಗೆದರು. ಆ ವರ್ಷವೇ ನನ್ನ ಕೆಲಸ ಕಾಯಂ ಆಯಿತು. ಮುಂದೆ ಇಂಥ ಗೊಂದಲ ಆಗದಿರಲೆಂದು ಸಮಿತಿ ಬಹಳ ಯೋಚಿಸಿ ಷರಾ ಕಾಲಮ್ಮನ್ನೇ ತೆಗೆದುಹಾಕಿತು. ಠರಾವಿಗೆ ಅನುಮೋದನೆ ನನ್ನದು.

ಐದಾರು ವರ್ಷದ ಮೇಲೆ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಅವನೇ ನನ್ನ ಗುರುತು ಹಿಡಿದ. ನ್ಯಾಮತಿಯ ಬ್ಯಾಟರಿ ಅಂಗಡಿಯಲ್ಲಿ ಕೂಲಿಗಿದ್ದನಂತೆ. ಆಸಿಡ್ಡು ಬಿದ್ದು ಅಂಗಿಯೆಲ್ಲ ತೂತು. ಬೇಡವೆಂದರೂ ಬಿಡದೆ ಟೀ ಕೊಡಿಸಿದ. ಬಸ್ಸು ಬರುವ ಹೊತ್ತಿಗೆ ಮೆಲ್ಲಗೆ ಹೇಳಿದ, "ನಂದೇ ತಪ್ಪು ಬಿಡ್ರಿ ಸಾರ್. ನನಗೆ ಇಂಗ್ಲೀಷು ಬರಲ್ಲ, ಕನ್ನಡದಾಗೆ ಬರ್ದೆ. ಅಲ್ಲಿ ಕನ್ನಡ ಓದೋರು ಯಾರೂ ಇರ್ಲಿಲ್ಲ ಅಂತ ಕಾಣ್ತೈತೆ, ಅಲ್ಲೇನ್ರೀ?"

ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತ ಅವನು ಅದನ್ನು ಕೇಳಿದ. ಅವನಿಗೆ ನಿಜ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. "ಹೌದು ರುದ್ರಪ್ಪ, ಯಾರೂ ಇರಲಿಲ್ಲ" ಎಂದು ಹೇಳಿ ಬಸ್ಸು ಹತ್ತಿದೆ.

ನಿನ್ನೆ ಇದೆಲ್ಲ ನೆನೆದು ಮುಗಿಸುವಷ್ಟರಲ್ಲಿ ಮೆಕ್ಯಾನಿಕ್ ಹೋಗಿಯಾಗಿತ್ತು. ಹೆಂಡತಿ ಏನು ಯೋಚನೆ ಎಂದಳು. ಇಷ್ಟು ವರ್ಷ ಈ ಕಥೆಯನ್ನು ನಾನು ಎತ್ತಿನ ರಜೆಯವರೆಗೆ ಮಾತ್ರ ಹೇಳಿ ಎಲ್ಲರನ್ನೂ ನಗಿಸಿದವನು. ನಿನ್ನೆ ಅವಳಿಗೆ ಪೂರ್ತಿ ಹೇಳಿದೆ. ಅವಳು ನಗಲಿಲ್ಲ. ನಿಮಗೂ ಪೂರ್ತಿ ಹೇಳಿದ್ದೇನೆ.

ಇದ್ದೆ, ರುದ್ರಪ್ಪನವರೇ. ಕನ್ನಡ ಓದಲು ಬರುವವನು ಅಲ್ಲಿ ನಾನೊಬ್ಬ ಇದ್ದೆ.