ಅಕ್ಕನನ್ನು ಸೋಲಿಸಿದ್ದು

ಮುಟ್ಟಾಟದಲ್ಲಿ ನನ್ನನ್ನು ಯಾರೂ ಹಿಡಿದದ್ದಿಲ್ಲ. ಆರನೆಯ ಕ್ಲಾಸಿನವರೆಗೂ ಅದು ನನ್ನ ಕಾಲಿನ ಹೆಚ್ಚುಗಾರಿಕೆ ಎಂದೇ ನಂಬಿದ್ದೆ. ನಾವುಂದದ ನಮ್ಮ ಮನೆಯ ಹಿಂದೆ ಕಡಲ ದಂಡೆಯ ಹೊಯ್ಗೆಯ ಮೇಲೆ ಎಳೆದಿಟ್ಟ ಒಂದು ದೋಣಿಯಿತ್ತು. ಅದನ್ನು ಮುಟ್ಟಿ ನಿಂತವರನ್ನು ಹಿಡಿಯುವಂತಿಲ್ಲ. ಉಳಿದವರೆಲ್ಲ ಎದ್ದೆನೋ ಬಿದ್ದೆನೋ ಎಂದು ಅದರತ್ತ ಓಡುತ್ತಿದ್ದರೆ ನಾನು ನಡೆದುಕೊಂಡೇ ತಲುಪುತ್ತಿದ್ದೆ. ಎಂಥ ಜಾಣೆ!

ರಜೆಗೆಂದು ಶಿರೂರಿನಿಂದ ಬಂದ ಹುಡುಗಿಯೊಬ್ಬಳು ಒಂದು ದಿನ ನನ್ನ ಬೆನ್ನು ಮುಟ್ಟಿ ಕುಣಿದಾಡಿದಳು. ಕೂಡಲೇ ಎಲ್ಲರೂ ಕೂಗಿದರು: “ಹ್ವಾಯ್, ಅದನ್ನ್ ಮುಟ್ರೆ ಆತಿಲ್ಲೆ! ಅದ್ ಆಟಕ್ಕುಂಟು, ಲೆಕ್ಕಕ್ಕಿಲ್ಲ!”

ನನಗೆ ಉಬ್ಬಸ. “ಅದನ್ನ್ ಓಡ್ಸ್ಬೇಡಿ ಮಕ್ಳೆ,” ಎಂದು ಅಮ್ಮ ಎಂದೋ ಕೇರಿಯ ಮಕ್ಕಳಿಗೆಲ್ಲ ಹೇಳಿಟ್ಟಿದ್ದಳಂತೆ. ಎರಡು ವರ್ಷದ ಕೂಸನ್ನು ಸೇರಿಸಿಕೊಳ್ಳುವ ಹಾಗೆ ನನ್ನನ್ನು ಸೇರಿಸಿಕೊಂಡಿದ್ದರು. ನನಗೆ ಒಬ್ಬಳಿಗೇ ಅದು ಗೊತ್ತಿರಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಉರಿಯಿತು.

ಆಟದ ಯಜಮಾನಿಕೆ ಪಕ್ಕದ ಮನೆಯ ದೊಡ್ಡಮ್ಮನ ಮಗಳದ್ದು. ನನಗಿಂತ ಎರಡು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಅವಳನ್ನು ಮುಟ್ಟಿದವರು ಕೇರಿಯಲ್ಲೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಬೊಂಬಾಯಿಯಿಂದ ಬಂದ ಮಾವ ನನಗೊಂದು ಆಟಿಕೆ ತಂದಿದ್ದರು. ಅಂಗೈಯಗಲದ ಪ್ಲಾಸ್ಟಿಕ್ ಚೌಕಟ್ಟು, ಒಳಗೆ ಒಂದರಿಂದ ಹದಿನೈದರವರೆಗಿನ ಬಿಲ್ಲೆಗಳು, ಒಂದು ಮನೆ ಖಾಲಿ. ಬಿಲ್ಲೆಗಳನ್ನು ಸರಿಸಿ ಸರಿಸಿ ಅಂಕಿಗಳನ್ನು ಸಾಲಾಗಿ ಕೂರಿಸಬೇಕು. ಕೂತಲ್ಲೇ ಆಡುವ ಆಟ, ಉಬ್ಬಸದ ಹಂಗಿಲ್ಲ. ಅಕ್ಕನಿಗೆ ಸವಾಲು ಹಾಕಿದೆ.

“ಇದ್ರಲ್ಲ್ ನಿನ್ನ ಸೋಲ್ಸ್ರೆ ನನ್ನನ್ನ್ ಲೆಕ್ಕಕ್ಕ್ ತಕಂತ್ಯಾ?”

“ತಕಂತೆ, ಕಾಂಬ,” ಎಂದಳು ಅಕ್ಕ.

ಐನೂರು ಎಣಿಸುವುದರೊಳಗೆ ಮುಗಿಸಬೇಕು. ಮೊದಲು ನಾನು, ಆಮೇಲೆ ಅವಳು. ಕಷ್ಟವೆಂದರೆ ಅಕ್ಕ ಎರಡೇ ದಿನ ಅದನ್ನು ಹಿಡಿದು ಕೂತು, ಮುನ್ನೂರರೊಳಗೆ ಮುಗಿಸತೊಡಗಿದಳು.

ನಾನು ನಾನೂರ ಎಂಬತ್ತಕ್ಕೆ ಮುಗಿಸಿದೆ. ಅವಳು ಇನ್ನು ನನ್ನನ್ನು ಅಳಿಸಿ ಹಾಕುವುದೇ ಸೈ. ನೀರು ಕುಡಿದು ಬರುತ್ತೇನೆಂದು ಆಟಿಕೆಯ ಸಮೇತ ಅಡಿಗೆಮನೆಗೆ ಹೋದೆ. ಹಿಂದೊಮ್ಮೆ ನಾನು ಬಿಲ್ಲೆಗಳನ್ನು ಕಿತ್ತು ತಪ್ಪಾಗಿ ಹಾಕಿ ನಾಲ್ಕು ದಿನ ಒದ್ದಾಡಿದ್ದೆ. ಅದರಿಂದ ಒಂದು ಗುಟ್ಟು ಗೊತ್ತಾಗಿತ್ತು: ಎರಡು ಬಿಲ್ಲೆ ಅದಲುಬದಲಾದರೆ ಬ್ರಹ್ಮ ಬಂದರೂ ಸಾಲು ಕೂಡಿಸಲಾರ. ತಲೆಯ ಪಿನ್ನಿನಿಂದ ಹದಿನಾಲ್ಕು, ಹದಿನೈದನ್ನು ಎಬ್ಬಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಿದೆ. ಆಮೇಲೆ ಎಲ್ಲವನ್ನೂ ಕಲಸಿ ಹೊರಗೆ ತಂದೆ.

ಅಕ್ಕ ಹದಿಮೂರರವರೆಗೆ ಸರಸರ ಕೂಡಿಸಿದಳು. ಆಮೇಲೆ ಕೆಡಿಸಿ ಮತ್ತೆ ಕೂಡಿಸಿದಳು. ಮೂಗಿನ ಮೇಲೆ ಬೆವರು ಬಂತು. ಎಣಿಸುವವರು ಐನೂರು ಎಂದಾಗಲೂ ಅವಳು ತಲೆ ಎತ್ತಲಿಲ್ಲ. ಈಗ ಬಿಲ್ಲೆ ಕಿತ್ತು ನೋಡುತ್ತಾಳೆ, ಈಗ ನೋಡುತ್ತಾಳೆ ಎಂದು ಅವಳ ಬೆರಳುಗಳನ್ನೇ ಕಾಯುತ್ತಿದ್ದೆ. ಅವಳಿಗೆ ಅಂಥ ಬುದ್ಧಿಯೇ ಹೊಳೆಯಲಿಲ್ಲ.

ಮರುದಿನ ಸಂಜೆ ಅಕ್ಕ ಎಲ್ಲರೆದುರು ನನ್ನನ್ನು ತೋರಿಸಿ ಹೇಳಿದಳು, “ಇವತ್ತಿಂದ ಅದೂ ಲೆಕ್ಕಕ್ಕಿತ್ತ್.” ಹತ್ತು ಹೆಜ್ಜೆ ಓಡುವುದರೊಳಗೆ ಸಿಕ್ಕಿಬಿದ್ದೆ. ಇನ್ನು ಹಿಡಿಯುವ ಸರದಿ ನನ್ನದು. ಹೊಯ್ಗೆಯಲ್ಲಿ ಕಾಲು ಹೂತು ಹೋಗುತ್ತಿತ್ತು, ಎದೆ ಸಿಳ್ಳೆ ಹಾಕತೊಡಗಿತು. ಮನೆಯೊಳಗಿನ ಅಮ್ಮನಿಗೆ ಅದು ಕೇಳೀತೆಂಬ ಭಯ, ನಿಂತರೆ ಮತ್ತೆ ಮೊದಲಿನ ಹಾಗೇ ಎಂಬ ಇನ್ನೂ ದೊಡ್ಡ ಭಯ. ದೋಣಿಗೆ ಒಂದು ಮಾರು ದೂರದಲ್ಲಿದ್ದ ಅಕ್ಕ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಜಾರಿ ಬಿದ್ದಳು. ಆ ಕ್ರಮವನ್ನು ನಾನು ಮರೆತಿಲ್ಲ: ಮೊದಲು ನೋಡಿದ್ದು, ಆಮೇಲೆ ಬಿದ್ದದ್ದು.

ಅವಳ ಬೆನ್ನು ಮುಟ್ಟಿದೆ. “ಸಿಕ್ಕ್‌ಬಿದ್ದೆ ಮಾರಾಯ್ತಿ!” ಎಂದು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜ ಹೇಳಿಬಿಡಬೇಕು ಅನಿಸಿತು, ಉಸಿರಿರಲಿಲ್ಲ. ಉಸಿರು ಬಂದ ಮೇಲೂ ಹೇಳಲಿಲ್ಲ.

ಬಿಲ್ಲೆಗಳು ಅದಲುಬದಲಾಗಿಯೇ ಇದ್ದ ಆ ಆಟಿಕೆಯನ್ನು ಅಕ್ಕ ಕೇಳಿ ಇಸಕೊಂಡು ಹೋಗಿ ವಾರವಿಡೀ ಗುದ್ದಾಡಿದಳು. ವಾಪಸು ಕೊಡುವಾಗ, “ಲೆಕ್ಕದ್ದೆಲ್ಲ ನಂಗ್ ಆಪ್ದಲ್ಲ,” ಎಂದಳು. ಎರಡು ವರ್ಷ ಕಳೆದು ಕಾಲೇಜಿಗೆ ಸೇರುವಾಗ ಲೆಕ್ಕದ ವಿಷಯವನ್ನು ಬಿಟ್ಟಳು. ಅದಕ್ಕೆ ಬೇರೆ ಕಾರಣಗಳೂ ಇದ್ದಾವು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸಮಾಧಾನ ಆಗಿಲ್ಲ.

ಅಕ್ಕ ಈಗ ಬ್ರಹ್ಮಾವರದಲ್ಲಿದ್ದಾಳೆ. ಅವಳ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಲೆಕ್ಕ ಹೇಳಿಕೊಡಲು ಬಾ ಎಂದು ಅಕ್ಕ ಕರೆದದ್ದಕ್ಕೆ ಪ್ರತಿ ಭಾನುವಾರ ಹೋಗುತ್ತೇನೆ. ಕಳೆದ ವಾರ ಆ ಹುಡುಗಿ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡು ಪೆನ್ನು ಬಿಸಾಡಿದಳು.

“ನಂಗ್ ಅಮ್ಮನ ತಲೆಯೇ ಬಂದದ್ದ್ ಚಿಕ್ಕಮ್ಮ. ಅಮ್ಮನೇ ಹೇಳುದ್.”

“ನಿನ್ ಅಮ್ಮನ ತಲೆ ಸಮಾ ಇತ್ತ್,” ಎಂದೆ. ನನಗರಿವಿಲ್ಲದೆ ಸ್ವರ ಏರಿತ್ತು.

“ನಿಮ್ಗ್ ಹ್ಯಾಂಗ್ ಗೊತ್ತ್?”

ಒಳಗೆ ಪಾತ್ರೆಗಳ ಸದ್ದು ನಿಂತಿತು.

“ಅಕ್ಕಾ, ಒಂಚೂರ್ ಇಲ್ಲ್ ಬಾ,” ಎಂದು ಕರೆದೆ.