ಹೆಬ್ಬೆರಳ ಕೆಳಗಿನ ದಾರ

ಆ ವರ್ಷ ನಾನು ಮೂವರಿಗೆ ಹೊಡೆದಿದ್ದೆ. ಮೊದಲನೆಯವನು ಹೋಟೆಲಿನಲ್ಲಿ ನನ್ನನ್ನು ತಳ್ಳಿ ಮುಂದೆ ಹೋದವನು. ಎರಡನೆಯವನು ನನ್ನ ಒಡಹುಟ್ಟಿದ ತಮ್ಮ. ಮೂರನೆಯವನು ಒಬ್ಬ ಟಿಪ್ಪರ್ ಡ್ರೈವರ್. ಅವನಿಗೆ ವೀಲ್ ಸ್ಪ್ಯಾನರಿನಿಂದ ಹೊಡೆದೆ. ತಲೆಗೆ ಏಳು ಹೊಲಿಗೆ ಬಿದ್ದವು.

ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗುವ ರಸ್ತೆಯ ಪಕ್ಕದ ಗ್ಯಾರೇಜೊಂದರಲ್ಲಿ ನಾನು ವೆಲ್ಡರ್ ಆಗಿದ್ದೆ. ಅದಿರಿನ ಭರಾಟೆಯ ಕಾಲ. ಸಂಡೂರಿನ ಗುಡ್ಡಗಳಿಂದ ಟಿಪ್ಪರುಗಳು ಹೊರಲಾರದಷ್ಟು ಹೊತ್ತುಕೊಂಡು ಇಳಿಯುತ್ತಿದ್ದವು. ಸ್ಪ್ರಿಂಗಿನ ಪಾಟಾ ಮುರಿದು, ಚಾಸಿ ಬಿರುಕು ಬಿಟ್ಟು ನಮ್ಮಲ್ಲಿಗೆ ಬಂದು ನಿಲ್ಲುತ್ತಿದ್ದವು. ಪ್ರತಿಯೊಬ್ಬ ಡ್ರೈವರನಿಗೂ ತನ್ನ ಗಾಡಿಯೇ ಮೊದಲಾಗಬೇಕು. ಆ ದಿನ ನಾನಿನ್ನೂ ಗಾಡಿಯ ಕೆಳಗೆ ಮಲಗಿ ಬೆಸುಗೆ ಹಾಕುತ್ತಿರುವಾಗಲೇ ಅವನು ಎಂಜಿನ್ ಸ್ಟಾರ್ಟ್ ಮಾಡಿದ. "ಜಲ್ದಿ ಏಳಲೇ, ಟ್ರಿಪ್ಪು ತಪ್ಪತೈತಿ" ಎಂದ. ನಾನು ಎದ್ದೆ. ಏಳುವಾಗ ಕೈಗೆ ಸ್ಪ್ಯಾನರ್ ಸಿಕ್ಕಿತು.

ಮಾಲೀಕರು ನನ್ನನ್ನು ಅಂದೇ ಹೊರಹಾಕುವವರಿದ್ದರು. ತಡೆದವರು ನಮ್ಮ ಹೆಡ್ ಮೆಕ್ಯಾನಿಕ್. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಕಂಪ್ಲಿಯವರು, ಅರವತ್ತರ ಹತ್ತಿರದ ವಯಸ್ಸು, ಹನ್ನೆರಡು ವರ್ಷ ಮಸ್ಕತ್ತಿನಲ್ಲಿ ದುಡಿದು ಬಂದವರು. "ಇವನ್ನ ನನಗ ಬಿಡ್ರಿ" ಎಂದು ಮಾಲೀಕರಿಗೆ ಹೇಳಿ, ನನ್ನ ಕಡೆ ತಿರುಗಿ, "ಐತವಾರ ಮುಂಜಾನೆ ಕಂಪ್ಲಿಗೆ ಬಾ. ಹೊಳಿಗೆ ಹೋಗೂಣು" ಎಂದರು.

ಅವರ ಬಳಿ ಮಸ್ಕತ್ತಿನಿಂದ ತಂದ ಒಂದು ಗಾಳದ ಕೋಲಿತ್ತು. ಅದರ ರೀಲು ನಾನು ನೋಡಿದ್ದ ರೀಲುಗಳಂತಿರಲಿಲ್ಲ. ಕೋಲಿನ ಮೇಲೆ ಕುಳಿತ ಪುಟ್ಟ ಉರುಳೆ; ಎಸೆದಾಗ ಆ ಉರುಳೆಯೇ ಗಿರ್ರನೆ ತಿರುಗಿ ದಾರ ಬಿಡುತ್ತದೆ. ತುದಿಯ ತೂಕ ಗಾಳಿಯಲ್ಲಿ ನಿಧಾನವಾದರೂ ಉರುಳೆ ನಿಧಾನವಾಗುವುದಿಲ್ಲ. ಹೊರಗೆ ಹೋಗಲಾಗದ ದಾರ ಉರುಳೆಯ ಮೇಲೆಯೇ ಉಬ್ಬಿ, ಸುತ್ತಿಕೊಂಡು, ಬಾಚದ ಕೂದಲಿನಂತೆ ಸಿಕ್ಕಾಗುತ್ತದೆ. ಅದನ್ನು ತಡೆಯಬೇಕಾದದ್ದು ಹೆಬ್ಬೆರಳು.

ಕೊಕ್ಕೆಯ ಬದಲು ಉಸ್ತಾದರು ಒಂದು ಕಬ್ಬಿಣದ ನಟ್ಟು ಕಟ್ಟಿಕೊಟ್ಟರು. "ಭುಜದಿಂದ ಒಗೀಬ್ಯಾಡ, ಮಣಿಕಟ್ಟಿಂದ ಒಗಿ. ಹೆಬ್ಬಟ್ಟು ಉರುಳಿ ಮ್ಯಾಲ ಮುಟ್ಟಿದಂಗ ಇರಬೇಕು, ಒತ್ತಿದಂಗ ಅಲ್ಲ. ನಟ್ಟು ನೀರಿಗೆ ಬೀಳೂ ಹೊತ್ತಿಗೆ ಪೂರಾ ಒತ್ತು."

ನಾನು ಕಲ್ಲು ಎಸೆಯುವವನಂತೆ ಎಸೆದೆ. ನಟ್ಟು ಹತ್ತು ಮಾರು ದೂರದಲ್ಲಿ ಗಕ್ಕನೆ ನಿಂತು ನನ್ನ ಕಾಲ ಬಳಿಗೇ ಹಾರಿಬಂತು. ಉರುಳೆಯ ತುಂಬ ಗಂಟು. ಬಿಡಿಸಿದೆ, ಎಸೆದೆ. ಮತ್ತೆ ಗಂಟು. ಐದನೆಯ ಸಲ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದೆ. ತುಟಿ ಸೀಳಿ ರಕ್ತ ಬಂತು. ಕೋಲನ್ನು ಬಂಡೆಗೆ ಅಪ್ಪಳಿಸಲು ಎತ್ತಿದೆ. ಕಪಾಳಕ್ಕೆ ಏಟು ಬಿತ್ತು. ನಾನು ಮುಷ್ಟಿ ಬಿಗಿದು ತಿರುಗಿದೆ. ಉಸ್ತಾದರು ಕದಲಲಿಲ್ಲ.

"ಹೊಡಿ. ಹೊಡದ ಮ್ಯಾಲ ಕುಂತು ಸಿಕ್ಕು ಬಿಡಸು."

ನನಗೆ ಹೊಡೆಯಲಾಗಲಿಲ್ಲ. ಕುಳಿತೆ. ಆ ಒಂದು ಗಂಟನ್ನು ಬಿಡಿಸಲು ಬಿಸಿಲೇರುವವರೆಗೆ ಬೇಕಾಯಿತು. ಎಳೆದಷ್ಟೂ ಬಿಗಿಯುತ್ತಿತ್ತು. ಒಂದು ಸುರುಳಿಯನ್ನು ಉಗುರಿನಿಂದ ಸಡಿಲಿಸಿದರೆ ಅದರ ಕೆಳಗೆ ಇನ್ನೊಂದು. ನನ್ನೊಳಗೆ ಕೆಟ್ಟ ಬೈಗುಳ ಕುದಿಯುತ್ತಿತ್ತು. ಹೀಗೆ ನಾಲ್ಕು ಭಾನುವಾರ ಹೋದವು. ದಾರ ಉಜ್ಜಿ ಉಜ್ಜಿ ಹೆಬ್ಬೆರಳ ಚರ್ಮ ಸುಟ್ಟಂತಾಗಿತ್ತು. ಹತ್ತು ಎಸೆತದಲ್ಲಿ ಮೂರು ನೆಟ್ಟಗೆ ಹೋಗುತ್ತಿದ್ದವು.

ಐದನೆಯ ಭಾನುವಾರ ನಾವು ನಿಂತಿದ್ದ ಮಡುವಿಗೆ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬನ ಅಂಗಿಗೆ ಗಣಿಯ ಕೆಂಪು ಧೂಳು ಮೆತ್ತಿತ್ತು. ಗುಡ್ಡದಲ್ಲಿ ಬಂಡೆ ಸಿಡಿಸುವ ಕೆಲಸದವನೆಂದು ಕೈಚೀಲ ತೆರೆದಾಗಲೇ ತಿಳಿಯಿತು. ಒಳಗೆ ಸಿಡಿಮದ್ದಿನ ತೋಟಾಗಳಿದ್ದವು. ಅರ್ಧ ತುಂಡಿಗೆ ಬತ್ತಿ ಹೊತ್ತಿಸಿ ಅವನು ನೀರಿಗೆ ಎಸೆದ. ಹೊಳೆಯ ಹೊಟ್ಟೆಯೊಳಗೆ ಯಾರೋ ಗುದ್ದಿದಂತಾಯಿತು. ನೀರು ಬೆಳ್ಳಗೆ ಎದ್ದು ಬಿತ್ತು. ಆಮೇಲೆ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲತೊಡಗಿದವು; ಬೆರಳುದ್ದದ ಮರಿಗಳೇ ಹೆಚ್ಚು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ಕಿವಿರಿನಿಂದ ರಕ್ತ ನೀರಿಗೆ ಇಳಿಯುತ್ತಿತ್ತು.

ಉಸ್ತಾದರು ಅವರ ಬಳಿ ಹೋಗಿ, "ಬ್ಯಾಡ್ರಪ್ಪಾ, ಇಲ್ಲಿ ಮಂದಿ ಈಜಾಕ ಬರ್ತಾರ" ಎಂದರು.

"ಹೊಳಿ ನಿಮ್ಮಪ್ಪಂದೇನು?" ಎಂದ ಗಣಿಯವನು, ಅವರ ಎದೆಗೆ ಕೈಯಿಟ್ಟು ನೂಕಿದ. ಉಸ್ತಾದರು ಹಿಮ್ಮುಖವಾಗಿ ಬಂಡೆಯ ಮೇಲೆ ಬಿದ್ದರು. ತಲೆ ಕಲ್ಲಿಗೆ ಬಡಿದ ಶಬ್ದ ನನಗೆ ಕೇಳಿಸಿತು.

ನಾನು ಓಡಿದೆ. ಅಷ್ಟರಲ್ಲಿ ಅವನು ಇನ್ನೊಂದು ತುಂಡು ಹೊತ್ತಿಸಿ ಎಸೆಯಲು ಕೈ ಹಿಂದಕ್ಕೆ ಎತ್ತಿದ್ದ. ಆ ಕೈಯ ಮಣಿಕಟ್ಟನ್ನು ನಾನು ಹಿಡಿದುಕೊಂಡೆ. "ಬಿಡಲೇ, ಬತ್ತಿ ಹತ್ತೇತಿ, ಬಿಡೋ!" ಎಂದು ಅವನು ಕೂಗಿದ. ನಾನು ಬಿಡಲಿಲ್ಲ. ಅವನು ನನ್ನ ಹೊಟ್ಟೆಗೆ ಮೊಣಕಾಲಿನಿಂದ ಒದ್ದ, ಹೆಗಲು ಕಚ್ಚಿದ. ಕೊನೆಗೆ ಕೈ ಕಿತ್ತುಕೊಂಡು ಬಂಡೆಯ ಅಂಚಿನಾಚೆ ಚಾಚಿದ. ತುಂಡು ಅವನ ಬೆರಳುಗಳಿಂದ ಜಾರಿತ್ತೋ ಇಲ್ಲವೋ, ಸಿಡಿಯಿತು.

ನಾನು ಕಣ್ಣು ಬಿಟ್ಟಾಗ ಎಡಗಿವಿಯಲ್ಲಿ ಸಿಳ್ಳೆಯಂಥ ಸದ್ದೊಂದೇ ಇತ್ತು. ಕೆನ್ನೆಯಲ್ಲಿ ಕಲ್ಲಿನ ಚೂರು ಹೊಕ್ಕಿದ್ದವು. ಅವನು ನನ್ನ ಪಕ್ಕದಲ್ಲೇ ಕುಳಿತು ತನ್ನ ಬಲಗೈಯನ್ನು ನೋಡುತ್ತಿದ್ದ. ಮಣಿಕಟ್ಟಿನ ಮುಂದೆ ಕೈ ಇರಲಿಲ್ಲ; ಎಲುಬಿನ ತುಂಡು ಮತ್ತು ಹರಿದ ಚರ್ಮ ಜೋತಾಡುತ್ತಿದ್ದವು. ಅವನು ಅಳುತ್ತಿರಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ಜೊತೆಗಾರ ಬೈಕ್ ಹತ್ತಿ ಹೋಗಿಬಿಟ್ಟಿದ್ದ. ನಾನು ನನ್ನ ಟವೆಲ್ಲನ್ನು ಅವನ ಮೊಣಕೈಯ ಕೆಳಗೆ ಬಿಗಿದು ಕಟ್ಟಿದೆ. ಹಣೆಯಿಂದ ರಕ್ತ ಇಳಿಯುತ್ತಿದ್ದ ಉಸ್ತಾದರು ಅವನನ್ನು ಕಾಲ ಕಡೆಯಿಂದ ಎತ್ತಿಕೊಂಡರು. ಇಬ್ಬರೂ ಹೊತ್ತು ರಸ್ತೆಗೆ ತಂದು, ಭತ್ತದ ಹೊಟ್ಟು ಸಾಗಿಸುತ್ತಿದ್ದ ಒಂದು ಟ್ರ್ಯಾಕ್ಟರ್ ನಿಲ್ಲಿಸಿ ಆಸ್ಪತ್ರೆಗೆ ಒಯ್ದೆವು.

ಹೊಲಕ್ಕೆ ಬರುವ ಹಂದಿ ಓಡಿಸಲು ಪಟಾಕಿ ಹಚ್ಚುವಾಗ ಹೀಗಾಯಿತೆಂದು ಅವನೇ ಪೊಲೀಸರಿಗೆ ಹೇಳಿದನಂತೆ. ಗಣಿಯಿಂದ ಕದ್ದ ಮದ್ದಿನ ವಿಷಯ ಹೊರಬರುವುದು ಅವನಿಗೆ ಬೇಕಿರಲಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಉಸ್ತಾದರೊಬ್ಬರನ್ನು ಬಿಟ್ಟು.

"ಬತ್ತಿ ಹತ್ತಿದ್ದು ನೋಡಿದ್ದೇನು?"

"ಇಲ್ಲರಿ" ಎಂದೆ.

ಎಂಟು ದಿನ ಆ ಉತ್ತರದೊಂದಿಗೆ ಓಡಾಡಿದೆ. ಒಂಬತ್ತನೆಯ ದಿನ ಊಟದ ಹೊತ್ತಿನಲ್ಲಿ ಅವರ ಮುಂದೆ ಕುಳಿತು ಹೇಳಿಬಿಟ್ಟೆ. ನೋಡಿದ್ದೆ. ಅವನು ಕೂಗುವ ಮೊದಲೇ ನೋಡಿದ್ದೆ. ಅವನ ಕಣ್ಣಲ್ಲಿ ಹೆದರಿಕೆ ಬರುವವರೆಗೆ ಹಿಡಿದುಕೊಳ್ಳಬೇಕೆಂದು ಹಿಡಿದುಕೊಂಡಿದ್ದೆ. ಹೆದರಿಕೆ ಬಂತು, ಆಮೇಲೂ ಬಿಡಲಿಲ್ಲ.

ಉಸ್ತಾದರು ತುತ್ತು ಕೆಳಗಿಟ್ಟರು. "ನನಗ್ಯಾಕ ಹೇಳ್ತಿ? ಅವಗ ಹೇಳು" ಎಂದರು.

ಗಣಿಯವನ ಊರು ಮೆಟ್ರಿ. ಅವನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಬಸ್ಸಿಳಿದು ಕೇಳಿಕೊಂಡು ಹೋದೆ. ಅವನು ಕಟ್ಟೆಯ ಮೇಲೆ ಕುಳಿತಿದ್ದ, ಬಲಗೈ ಬಟ್ಟೆಯಲ್ಲಿ ಸುತ್ತಿತ್ತು. ಅವನ ಹೆಂಡತಿ ನನಗೆ ನೀರು ಕೊಟ್ಟಳು. ಆಸ್ಪತ್ರೆಗೆ ಸೇರಿಸಿದವನೆಂದು "ಕುಂದ್ರಿ ಅಣ್ಣಾ" ಎಂದಳು. ನಾನು ನಿಂತೇ ಹೇಳಿದೆ.

ಅವನು ಎಡಗೈಯಲ್ಲಿ ಚೊಂಬು ತೆಗೆದು ನನ್ನ ಮುಖಕ್ಕೆ ಬೀಸಿದ. ಹುಬ್ಬು ಒಡೆಯಿತು. ಮೇಲೆ ಬಿದ್ದು ಎದೆಗೆ, ಕುತ್ತಿಗೆಗೆ ಗುದ್ದಿದ. ಸಿಟ್ಟಿನಲ್ಲಿ ಮರೆತು ಬಲಗೈಯನ್ನೂ ಬೀಸಿದ. ಅದು ನನ್ನ ದವಡೆಗೆ ತಾಗಿದ್ದೇ ತಾನೇ ಚೀರಿ ನೆಲಕ್ಕೆ ಕುಸಿದ. ಬಟ್ಟೆ ಕೆಂಪಾಯಿತು. ನನ್ನ ಎರಡೂ ಕೈ ಕೆಳಗೇ ಇದ್ದವು. ಅವು ಏಳಲಿಲ್ಲವೆಂಬುದು ನನಗೇ ತಿಳಿದದ್ದು ಬಸ್ ಸ್ಟ್ಯಾಂಡಿಗೆ ಬಂದ ಮೇಲೆ. "ಇನ್ನೊಮ್ಮೆ ಈ ಕಡಿ ಬಂದ್ರ ನಾನಾ ಕೊಡ್ಲಿ ಹಿಡಿತೀನಿ" ಎಂದು ನಾನು ಹೊರಡುವಾಗ ಅವನ ಹೆಂಡತಿ ಹಿಂದಿನಿಂದ ಕೂಗಿದ್ದಳು.

ಎರಡು ತಿಂಗಳು ನಾನು ಹೊಳೆಯ ಕಡೆ ಹೋಗಲಿಲ್ಲ. ಮಳೆ ಕಡಿಮೆಯಾದ ಮೇಲೆ ಉಸ್ತಾದರು ಬೇರೆ ಜಾಗಕ್ಕೆ, ಕಡ್ಡಿರಾಂಪುರದ ಆಚೆ ಒಂದು ಕೆರೆಗೆ ಕರೆದುಕೊಂಡು ಹೋದರು. ಕೋಲು ಕೈಗೆ ಕೊಟ್ಟು ದೂರ ಹೋಗಿ ಕುಳಿತರು. ಎಸೆದೆ. ಗಂಟಾಯಿತು. ಬಿಡಿಸಿದೆ. ಎಸೆದೆ. ಎಷ್ಟನೆಯದೋ ಎಸೆತದಲ್ಲಿ, ಹೆಬ್ಬೆರಳ ಕೆಳಗೆ ಉರುಳೆಯ ವೇಗ ಮೊದಲ ಬಾರಿ ಸ್ಪಷ್ಟವಾಗಿ ತಿಳಿಯಿತು: ಈಗ ಜೋರು, ಈಗ ಇಳಿಯುತ್ತಿದೆ, ಈಗ ದಾರ ಸಡಿಲಾಗುತ್ತಿದೆ. ನಾನು ಯೋಚಿಸುವ ಮೊದಲೇ ಬೆರಳು ಒತ್ತಿತು. ನಟ್ಟು ದೂರದಲ್ಲಿ ಪುಳಕ್ಕನೆ ಬಿತ್ತು. ಉರುಳೆಯ ಮೇಲೆ ಒಂದು ಸುರುಳಿಯೂ ಎದ್ದಿರಲಿಲ್ಲ. ಆ ದಿನ ಸಂಜೆಯವರೆಗೆ ಎಸೆದೆ, ಒಮ್ಮೆಯೂ ಸಿಕ್ಕಾಗಲಿಲ್ಲ. ಖುಷಿಯಾಗಬೇಕಿತ್ತು. ಕೆರೆಯ ದಂಡೆಯಲ್ಲಿ ಕುಳಿತು ಮುಖ ಮುಚ್ಚಿಕೊಂಡು ಅತ್ತೆ. ಉಸ್ತಾದರು ಹತ್ತಿರ ಬರಲಿಲ್ಲ.

ಮರುವರ್ಷ ಮೆಟ್ರಿಯವನು ತಾನಾಗಿಯೇ ಗ್ಯಾರೇಜಿಗೆ ಬಂದ. ನನ್ನ ಮುಖ ನೋಡದೆ ಮೊಂಡುಗೈಯನ್ನು ಬೆಂಚಿನ ಮೇಲಿಟ್ಟ.

"ಸಲಿಕಿ ಹಿಡೀಬೇಕು. ಹೊಲಕ್ಕ ನೀರು ಕಟ್ಟಾಕ ಆಗವಲ್ದು. ಏನರ ಮಾಡಿಕೊಡು."

ಅಳತೆ ತೆಗೆದುಕೊಳ್ಳಲು ಅವನ ಮಣಿಕಟ್ಟನ್ನು ಮುಟ್ಟಬೇಕಿತ್ತು. ಮುಟ್ಟಿದಾಗ ಅವನ ಮೈ ಸೆಟೆಯಿತು, ಆದರೆ ಕೈ ಹಿಂತೆಗೆಯಲಿಲ್ಲ. ಕಬ್ಬಿಣದ ತೆಳು ಪಟ್ಟಿ ಬಗ್ಗಿಸಿ, ಒಳಗೆ ಟ್ಯೂಬಿನ ರಬ್ಬರ್ ಹಾಸಿ, ಮುಂದೆ ಸಲಿಕೆಯ ಹಿಡಿಕೆ ಕೂರುವಂಥ ಉಂಗುರವೊಂದನ್ನು ಬೆಸೆದೆ. ಹಾಕಿ ನೋಡಿ, "ಬಿಗಿ ಆತು" ಎಂದು ಬಿಸಾಕಿದ. ಮತ್ತೆ ಮಾಡಿದೆ. "ಸಡ್ಲ ಆತು" ಎಂದ. ಮೂರನೆಯದನ್ನು ಹಾಕಿಕೊಂಡು, ಗ್ಯಾರೇಜಿನ ಸಲಿಕೆಯನ್ನೇ ಎತ್ತಿ ಅಂಗಳದ ಕೆಂಪು ಮಣ್ಣನ್ನು ನಾಲ್ಕು ಸಲ ಎಳೆದು ನೋಡಿದ. ಸಲಿಕೆ ಇಳಿಸಿ, ಪಟ್ಟಿ ಬಿಚ್ಚದೆಯೇ ಬಸ್ಸಿನ ಕಡೆ ನಡೆದ.